ಕಣ್ಣು ಆಕಾಶದಲ್ಲಿ, ಕಾಲು ನೆಲದ ಮೇಲೆ

2011ನೆಯ ಇಸವಿಯ ಅಕ್ಟೋಬರ್ ತಿಂಗಳಿನಲ್ಲಿ ಅಮೆರಿಕದ ವರ್ಜೀನಿಯ ವಿಶ್ವವಿದ್ಯಾನಿಲಯದ ಆವರಣದ ಮೇಲೆ ಒಂದು ವಿಚಿತ್ರ ಪಕ್ಷಿ ಹಾರಾಡಿತು. ಅದಕ್ಕೆ ಬಾಲವಿರಲಿಲ್ಲ, ಕೊರಳಿರಲಿಲ್ಲ. ರೆಕ್ಕೆಯೇ ಅದರ ದೇಹವೆಲ್ಲ. ಹಗುರವಾದ ಫೋಮಿನಲ್ಲಿ ರೂಪಿಸಿದ ಆ ರೆಕ್ಕೆಗೆ ಒಂದು ಪ್ರೊಪೆಲ್ಲರ್, ಒಂದು ಕ್ಯಾಮರಾ. ಒಮ್ಮೆ ನೆಲದಿಂದ 10 ಅಡಿಗೆ ಇಳಿದು ಮತ್ತೊಮ್ಮೆ 1,500 ಅಡಿಗೆ ಏರುತ್ತ ಅದು ಕಟ್ಟಡಗಳ ನಡುವೆ ಸುಳಿದಾಡಿತು. ವಾಹನಗಳು ಸಂಚರಿಸುತ್ತಿದ್ದ ಸುರಂಗದೊಳಕ್ಕೆ ನುಗ್ಗಿತು. ಕ್ರೇನಿನ ಕೆಳಗೆ ನುಸುಳಿತು. ಕಾಲುದಾರಿಯಲ್ಲಿ ನಿಂತಿದ್ದ ಮನುಷ್ಯನೊಬ್ಬನತ್ತ ಅದು ನೇರವಾಗಿ ಬಂದಾಗ ಆತ ಥಟ್ಟನೆ ಸರಿದು ತಪ್ಪಿಸಿಕೊಳ್ಳಬೇಕಾಯಿತು. ಹೆಲಿಕಾಪ್ಟರುಗಳು ಇಳಿಯುವ ತಾಣದಿಂದ ಸುಮಾರು 100 ಅಡಿ ದೂರದಲ್ಲಿಯೂ ಅದು ಹಾದುಹೋಯಿತು. ಅಲ್ಲಿಯ ವಿಮಾನಯಾನ ಇಲಾಖೆ ಮುಂದೆ ಸಲ್ಲಿಸಿದ ದೋಷಾರೋಪಣೆಯ ಸಾರಾಂಶವಿದು.

ಹಾರಿಸಿದಾತ ರಫಾಯೆಲ್ ಪಿರ್ಕರ್, ಈ ಕ್ರೀಡೆಯಲ್ಲಿ ಆಗಲೇ ಹೆಸರಾಗಿದ್ದವನು. ವಿಶ್ವವಿದ್ಯಾನಿಲಯದ ಪ್ರಚಾರಚಿತ್ರವೊಂದಕ್ಕಾಗಿ ಅವನನ್ನು ಕರೆಸಿದ್ದರು. ಅವನು ನೆಲದ ಮೇಲೆಯೇ ಇದ್ದ. ಆದರೆ ಅವನ ಕಣ್ಣುಗಳನ್ನು ಮುಚ್ಚಿದ್ದ ಕನ್ನಡಕದೊಳಗೆ ವಿಮಾನದ ಮೂತಿಯ ಕ್ಯಾಮರಾ ಕಳುಹಿಸುತ್ತಿದ್ದ ಚಿತ್ರ ಮಾತ್ರ ಓಡುತ್ತಿತ್ತು.

ಇಲಾಖೆ 10,000 ಡಾಲರ್ ದಂಡ ವಿಧಿಸಿತು. ಆಟದ ವಿಮಾನಕ್ಕೂ ವಿಮಾನದ ಕಾನೂನೇ ಎಂದು ಪಿರ್ಕರ್ ಪ್ರಶ್ನಿಸಿದ. 2014ರ ಮಾರ್ಚ್ ತಿಂಗಳಿನಲ್ಲಿ ನ್ಯಾಯಾಧೀಶರೊಬ್ಬರು ಅವನ ವಾದವನ್ನೊಪ್ಪಿ ದಂಡವನ್ನು ರದ್ದುಪಡಿಸಿದರು. ಅದೇ ವರ್ಷದ ನವೆಂಬರಿನಲ್ಲಿ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಲಿ ಆ ತೀರ್ಪನ್ನು ತಳ್ಳಿಹಾಕಿತು. ಗಾಳಿಯಲ್ಲಿ ಹಾರಲೆಂದು ಮಾಡಿದ ಸಾಧನ ಚಿಕ್ಕದಾಗಲಿ ದೊಡ್ಡದಾಗಲಿ, ಒಳಗೆ ಮನುಷ್ಯನಿರಲಿ ಇಲ್ಲದಿರಲಿ, ಕಾನೂನಿನ ದೃಷ್ಟಿಯಲ್ಲಿ ವಿಮಾನವೇ ಸರಿ ಎಂದಿತು. ಕೊನೆಗೆ 2015ರ ಜನವರಿಯಲ್ಲಿ, ತಪ್ಪೊಪ್ಪಿಗೆ ಯಾವುದೂ ಇಲ್ಲದೆ, 1,100 ಡಾಲರಿಗೆ ರಾಜಿಯಾಯಿತು. ಹಣ ಅಲ್ಪವಾದರೂ ಮಾತು ದೊಡ್ಡದಾಗಿ ಉಳಿಯಿತು.

ಇಂದು ಈ ಹವ್ಯಾಸ ನಮ್ಮ ಊರುಗಳ ಮನೆಗಳನ್ನೂ ಹೊಕ್ಕಿದೆ. ಎಂಜಿನಿಯರಿಂಗ್ ಓದುವ ಮಗ ಊಟದ ಮೇಜಿನ ಮೇಲೆ ಬೆಸುಗೆಯ ಕಡ್ಡಿ ಹಿಡಿದು ಕುಳಿತರೆ, ತಾಯಿಗೆ ಅದೇನೋ ಆಟಿಕೆಯೆಂದೂ ತಂದೆಗೆ ಅದೇನೋ ಖರ್ಚೆಂದೂ ತೋರುವುದು ಸಹಜ. ಅದು ಏನು, ಅದರ ಅಪಾಯ ಎಲ್ಲಿದೆ ಎಂಬುದನ್ನು ಮನೆಯವರೆಲ್ಲರೂ ತಿಳಿದಿದ್ದರೆ ಒಳ್ಳೆಯದು. ಏಕೆಂದರೆ, ಮುಂದೆ ಕಾಣುವಂತೆ, ಈ ಆಟವನ್ನು ಒಬ್ಬನೇ ಆಡುವಂತಿಲ್ಲ.

ಗಂಡುಜೇನಿನ ವಂಶ

ಈ ಕ್ರೀಡೆಗೆ ಇಂಗ್ಲಿಷಿನ ಮೂರಕ್ಷರದ ಹೆಸರು: ಎಫ್.ಪಿ.ವಿ. ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ‘ಉತ್ತಮಪುರುಷ ನೋಟ’. ‘ನಾನು’ ಎನ್ನುವವನು ಕಂಡಂತೆ ಎಂದರ್ಥ. ಸಾಮಾನ್ಯ ಮಾದರಿ ವಿಮಾನವನ್ನು ಹಾರಿಸುವವನು ಅದನ್ನು ನೆಲದಿಂದ ನೋಡಿ ‘ಅದು ಎಡಕ್ಕೆ ತಿರುಗಿತು’ ಎನ್ನುತ್ತಾನೆ. ಕನ್ನಡಕ ಕಟ್ಟಿದವನು ‘ನಾನು ಎಡಕ್ಕೆ ತಿರುಗಿದೆ’ ಎನ್ನುತ್ತಾನೆ. ಈ ಕ್ರೀಡೆಯ ಸುಖವೂ ಸಂಕಟವೂ ಇದೊಂದು ಸರ್ವನಾಮದಲ್ಲಿಯೇ ಅಡಗಿವೆ.

ಡ್ರೋನ್ ಎಂದರೆ ಇಂಗ್ಲಿಷಿನಲ್ಲಿ ಗಂಡುಜೇನು. 1930ರ ದಶಕದಲ್ಲಿ ಬ್ರಿಟಿಷರು ತೋಪಿನವರ ಗುರಿಯಭ್ಯಾಸಕ್ಕಾಗಿ ರೇಡಿಯೊ ಮೂಲಕ ಹಾರಿಸುತ್ತಿದ್ದ ನಿರ್ಜನ ವಿಮಾನಕ್ಕೆ ‘ಕ್ವೀನ್ ಬೀ’, ಅಂದರೆ ರಾಣಿಜೇನು, ಎಂದು ಹೆಸರಿಟ್ಟಿದ್ದರು. ಅಮೆರಿಕದ ನೌಕಾಪಡೆಯವರು ಅದನ್ನನುಸರಿಸಿ ತಮ್ಮದಕ್ಕೆ ಗಂಡುಜೇನೆಂಬ ಹೆಸರು ಕೊಟ್ಟರೆಂದು ಹೇಳುವುದುಂಟು. ಗೂಡಿನ ಗಂಡುಜೇನಿಗೆ ಕೊಂಡಿಯಿಲ್ಲ. ಈ ಗಂಡುಜೇನಿಗಾದರೋ ನಾಲ್ಕು ಮೂಲೆಗೆ ನಾಲ್ಕು ಕೊಂಡಿ: ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುವ, ಐದು ಅಂಗುಲ ಉದ್ದದ, ಚೂಪಂಚಿನ ಪ್ರೊಪೆಲ್ಲರುಗಳು. ಇಂಗ್ಲೆಂಡಿನ ವೂಸ್ಟರ್‌ಶೈರ್ ಪ್ರಾಂತದಲ್ಲಿ 2015ರಲ್ಲಿ ಕುಟುಂಬದ ಗೆಳೆಯನೊಬ್ಬ ಮನೆಯ ಮುಂದೆ ಹಾರಿಸುತ್ತಿದ್ದ ಡ್ರೋನು ಮರಕ್ಕೆ ತಗುಲಿ ತಿರುಗಿಬಿದ್ದಾಗ, ಒಂದೂವರೆ ವರ್ಷದ ಮಗು ಒಂದು ಕಣ್ಣನ್ನು ಕಳೆದುಕೊಂಡಿತು. ಹಾರಿಸಿದವನು ಹೊಸಬನಲ್ಲ, ದುಷ್ಟನಂತೂ ಅಲ್ಲವೇ ಅಲ್ಲ. ಅಂಗಳ ಕಿರಿದಾಗಿತ್ತು, ಮಗು ಹತ್ತಿರವಿತ್ತು, ಅಷ್ಟೆ.

ಕಣ್ಣುಪಟ್ಟಿಯ ಕುದುರೆ

ಜಟಕಾ ಗಾಡಿಯ ಕುದುರೆಗೆ ಕಣ್ಣಿನ ಪಕ್ಕಗಳಲ್ಲಿ ತೊಗಲಿನ ಪಟ್ಟಿ ಕಟ್ಟುತ್ತಿದ್ದುದನ್ನು ಹಿರಿಯ ಓದುಗರು ಬಲ್ಲರು. ಕುದುರೆಗೆ ಮುಂದಿನ ದಾರಿ ಮಾತ್ರ ಕಾಣಬೇಕು. ಪಕ್ಕದ ಗದ್ದಲವೆಲ್ಲ ಗಾಡಿಯವನ ಪಾಲಿಗೆ. ಎಫ್.ಪಿ.ವಿ. ಕನ್ನಡಕ ಕಟ್ಟಿದ ಚಾಲಕನು ಆ ಕುದುರೆಯ ಸ್ಥಿತಿಯಲ್ಲಿರುತ್ತಾನೆ. ಮೇಲೆ ಗಾಡಿಯವನು ಇದ್ದಾನೆಯೇ ಎಂಬುದೇ ಪ್ರಶ್ನೆ.

ಬರಿಗಣ್ಣಿನಲ್ಲಿ ಮನುಷ್ಯನಿಗೆ ಎಡದಿಂದ ಬಲಕ್ಕೆ ಸುಮಾರು 180 ಡಿಗ್ರಿಯಷ್ಟು ಹರವು ಕಾಣುತ್ತದೆ. ಅನೇಕ ಕನ್ನಡಕಗಳೊಳಗಿನ ಚಿತ್ರದ ಹರವು 30ರಿಂದ 50 ಡಿಗ್ರಿ. ಆ ಕಿರುಕಿಟಕಿಯೊಳಗೆ ವಿಶಾಲ ಕೋನದ ಮಸೂರವು ಲೋಕವನ್ನೆಲ್ಲ ಹಿಂಡಿ ತುಂಬುವುದರಿಂದ ವಸ್ತುಗಳು ಇರುವುದಕ್ಕಿಂತ ಚಿಕ್ಕದಾಗಿ, ದೂರದಲ್ಲಿರುವಂತೆ ತೋರುತ್ತವೆ. ತೆಂಗಿನ ಮರ ಕಂಡೀತು. ಆ ಮರದಿಂದ ಎದುರು ಮನೆಯ ಮಹಡಿಗೆ ಎಳೆದಿರುವ ಕೇಬಲ್ ತಂತಿ ಕಾಣದು. ನಮ್ಮ ಬಡಾವಣೆಗಳಲ್ಲಿ ಇಂತಹ ತಂತಿಗಳಿಗೆ ಬರವೆ? ಸ್ಪರ್ಧೆಗಾಗಿ ಮಾಡಿದ ಯಂತ್ರಗಳಲ್ಲಿ ಇನ್ನೊಂದು ತೊಡಕು. ಅವು ಮುಂದಕ್ಕೆ ಬಾಗಿ ವೇಗವಾಗಿ ಓಡುವುದರಿಂದ ಕ್ಯಾಮರಾವನ್ನು ಮೇಲ್ಮುಖವಾಗಿ ಓರೆಮಾಡಿ ಕೂರಿಸಿರುತ್ತಾರೆ. ಹಾಗಾಗಿ ಯಂತ್ರ ನಿಂತಲ್ಲಿಯೇ ತೇಲುತ್ತಿರುವಾಗ, ಇಳಿಯುವಾಗ, ಚಾಲಕನಿಗೆ ಕಾಣುವುದು ಬಹುಮಟ್ಟಿಗೆ ಆಕಾಶ. ಕೆಳಗೆ ಯಾರು ಬಂದು ನಿಂತಿದ್ದಾರೆಂಬುದು ಅವನಿಗೆ ತಿಳಿಯುವುದೇ ಇಲ್ಲ.

ಚಿತ್ರವು ಗಾಳಿಯಲ್ಲಿ ಬಂದು ಮುಟ್ಟಲು ಸ್ವಲ್ಪ ಕಾಲ ಹಿಡಿಯುತ್ತದೆ. ಒಂದು ಸೆಕೆಂಡಿನ ನೂರರಲ್ಲಿ ಮೂರು ಪಾಲು ವಿಳಂಬವೆಂದಿಟ್ಟುಕೊಂಡರೂ, ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಓಡುವ ಯಂತ್ರ ಅಷ್ಟರೊಳಗೆ 80 ಸೆಂಟಿಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ಚಾಲಕನು ನೋಡುವುದು ಈಗಿನ ಗೋಡೆಯನ್ನಲ್ಲ, ಆಗಲೇ ಎರಡು ಮೊಳದಷ್ಟು ಹತ್ತಿರವಾಗಿರುವ ಗೋಡೆಯ ಹಳೆಯ ಚಿತ್ರವನ್ನು.

ನಿಜವಾದ ವಿಮಾನದ ಪೈಲಟನಿಗೆ ಕಣ್ಣೊಂದೇ ಆಧಾರವಲ್ಲ. ಎಂಜಿನ್ನಿನ ಧ್ವನಿ ಬದಲಾದುದು ಕಿವಿಗೆ, ವಿಮಾನ ಜಾರಿದುದು ಕುಳಿತ ಆಸನಕ್ಕೆ, ಗಾಳಿ ಎತ್ತಿ ಹಾಕಿದುದು ಹೊಟ್ಟೆಗೆ ಗೊತ್ತಾಗುತ್ತದೆ. ಕುರ್ಚಿಯ ಮೇಲೆ ಕುಳಿತ ಎಫ್.ಪಿ.ವಿ. ಚಾಲಕನಿಗೆ ಇವಾವುವೂ ಇಲ್ಲ. ಕುರ್ಚಿಯ ಮಾತು ಬಂದುದರಿಂದ ಇದನ್ನೂ ಹೇಳಬೇಕು: ಕನ್ನಡಕ ಕಟ್ಟಿದ ಮೇಲೆ ಕುಳಿತುಕೊಳ್ಳುವುದೇ ಕ್ಷೇಮ. ಕಣ್ಣು ಪಲ್ಟಿ ಹೊಡೆಯುತ್ತಿರುವಾಗ ನಿಂತ ದೇಹ ತಾನೂ ವಾಲುವುದುಂಟು. ಗಾಳಿಪಟದ ಮೇಲೆ ಕಣ್ಣಿಟ್ಟು ಹಿಂದಕ್ಕೆ ಹೆಜ್ಜೆಯಿಡುತ್ತ ಮಾಳಿಗೆಯಿಂದ ಬಿದ್ದ ಹುಡುಗರ ಕಥೆ ಪ್ರತಿ ಊರಿನಲ್ಲಿಯೂ ಇದೆ. ಅವರಿಗಾದರೂ ಕಣ್ಣು ತೆರೆದಿತ್ತು.

ಎರಡೂವರೆ ಮೈಲಿಯಾಚೆ

ಪರದೆಯನ್ನು ನಂಬಿ ಕೆಟ್ಟ ಕಥೆಗಳಲ್ಲಿ ಅತ್ಯಂತ ಸ್ಪಷ್ಟವಾಗಿ ದಾಖಲೆಯಾಗಿರುವುದು 2017ರ ಸೆಪ್ಟೆಂಬರ್ 21ರ ಸಂಜೆಯದು. ನ್ಯೂಯಾರ್ಕಿನ ಸ್ಟೇಟನ್ ದ್ವೀಪದ ಬಳಿ, ಸುಮಾರು 300 ಅಡಿ ಎತ್ತರದಲ್ಲಿ, ಅಮೆರಿಕದ ಸೈನ್ಯದ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರಿಗೆ ಏನೋ ಬಡಿಯಿತು. ಸುದೈವದಿಂದ ಅದು ಸುರಕ್ಷಿತವಾಗಿ ನೆಲ ಮುಟ್ಟಿತು. ಪರೀಕ್ಷಿಸಿದಾಗ ತಿರುಗುರೆಕ್ಕೆಯ ಅಂಚಿನಲ್ಲಿ ಒಂದೂವರೆ ಅಂಗುಲದ ನಗ್ಗು ಕಂಡಿತು. ಹೆಲಿಕಾಪ್ಟರಿನಲ್ಲಿ ಡ್ರೋನೊಂದರ ಮೋಟಾರೂ ತೋಳಿನ ಚೂರೂ ಸಿಕ್ಕಿಕೊಂಡಿದ್ದವು. ಅವುಗಳ ಮೇಲಿನ ಕ್ರಮಸಂಖ್ಯೆಯ ಜಾಡು ಹಿಡಿದು ತನಿಖೆಯವರು ಒಡೆಯನನ್ನು ಪತ್ತೆಮಾಡಿದರು.

ಆತನ ಉತ್ತರವೇ ಎಲ್ಲಕ್ಕಿಂತ ಸ್ವಾರಸ್ಯ. ಡಿಕ್ಕಿಯಾದುದು ಅವನಿಗೆ ಗೊತ್ತೇ ಇರಲಿಲ್ಲ. ಚಿತ್ರ ನಿಂತುಹೋಯಿತು, ಡ್ರೋನು ಮರಳಲಿಲ್ಲ; ಯಾವುದೋ ದೋಷದಿಂದ ನೀರಿಗೆ ಬಿದ್ದಿರಬೇಕೆಂದುಕೊಂಡು ಸುಮ್ಮನಾಗಿದ್ದ. ಆಗ ಡ್ರೋನು ಅವನಿಂದ ಸುಮಾರು ಎರಡೂವರೆ ಮೈಲಿ ದೂರದಲ್ಲಿತ್ತು. ಅವನ ಕಣ್ಣಿಗೆ ಕಟ್ಟಿದ ಕನ್ನಡಕವೇನೂ ಇರಲಿಲ್ಲ; ಕೈಯಲ್ಲಿ ಟ್ಯಾಬ್ಲೆಟ್ ಇತ್ತು. ಆದರೆ ನೋಟ ಪರದೆಯೊಳಗೆ ಹೋದ ಮೇಲೆ ಕಟ್ಟಿಕೊಂಡರೇನು, ಹಿಡಿದುಕೊಂಡರೇನು? ಆ ದಿನಗಳಲ್ಲಿ ವಿಶ್ವಸಂಸ್ಥೆಯ ಅಧಿವೇಶನದ ನಿಮಿತ್ತ ಆ ಪ್ರದೇಶದಲ್ಲಿ ಹಾರಾಟಕ್ಕೆ ತಾತ್ಕಾಲಿಕ ನಿರ್ಬಂಧವಿತ್ತು. ಅದೂ ಅವನಿಗೆ ತಿಳಿದಿರಲಿಲ್ಲ. ಉದ್ದೇಶಪೂರ್ವಕವಾಗಿ ಕಣ್ಣಳತೆಯ ಆಚೆಗೆ ಹಾರಿಸಿದುದರಿಂದ ಹೆಲಿಕಾಪ್ಟರನ್ನು ಕಂಡು ತಪ್ಪಿಸಲು ಅವನಿಗೆ ಸಾಧ್ಯವಾಗಲಿಲ್ಲವೆಂದು ಸುರಕ್ಷಾ ಮಂಡಲಿ ನಿರ್ಣಯಿಸಿತು.

ಡ್ರೋನಿನ ಕ್ಯಾಮರಾ ಅಂದು ಕೆಟ್ಟಿರಲಿಲ್ಲ. ಅದು ಮುಂದಿರುವುದನ್ನು ತೋರಿಸುತ್ತಿತ್ತು. ಹೆಲಿಕಾಪ್ಟರು ಮುಂದಿನಿಂದಲೇ ಬರಬೇಕೆಂಬ ಒಪ್ಪಂದವೇನೂ ಇಲ್ಲವಲ್ಲ!

ಪಕ್ಕದಲ್ಲಿ ನಿಂತವನು

ಈ ಕುರುಡಿಗೆ ಹವ್ಯಾಸಿಗಳೇ ಹಿಂದೆಯೇ ಮದ್ದು ಕಂಡುಹಿಡಿದಿದ್ದಾರೆ. ಕನ್ನಡಕ ಕಟ್ಟಿದವನ ಪಕ್ಕದಲ್ಲಿ ಕನ್ನಡಕ ಕಟ್ಟದವನೊಬ್ಬ ನಿಲ್ಲಬೇಕು. ಇಂಗ್ಲಿಷಿನಲ್ಲಿ ಅವನು ‘ಸ್ಪಾಟರ್’. ಕನ್ನಡದಲ್ಲಿ ‘ಹೊರಗಣ್ಣು’ ಎಂದರೆ ಹೊಂದೀತು. ಅಮೆರಿಕದ ಮಾದರಿ ವಿಮಾನ ಸಂಘದವರು ಇದನ್ನು ತಮ್ಮ ಸದಸ್ಯರಿಗೆ ವಿಧಿಯಾಗಿಯೇ ಇಟ್ಟರು. 2018ರಲ್ಲಿ ಬಂದ ಅಲ್ಲಿಯ ಕಾನೂನು ಕೂಡ, ವಿನೋದಕ್ಕಾಗಿ ಹಾರಿಸುವ ಯಂತ್ರವನ್ನು ಚಾಲಕನಾಗಲಿ, ಅವನ ಜೊತೆಯಲ್ಲಿಯೇ ಇದ್ದು ನೇರವಾಗಿ ಮಾತನಾಡಬಲ್ಲ ವೀಕ್ಷಕನಾಗಲಿ ಕಣ್ಣಳತೆಯಲ್ಲಿ ಇಟ್ಟುಕೊಂಡಿರಬೇಕೆಂದು ವಿಧಿಸಿತು. ಯುರೋಪಿನ ನಿಯಮವೂ ಇದೇ ದಾರಿಯದು.

ಹೊರಗಣ್ಣಿನವನ ಕೆಲಸ ಮೇಲ್ನೋಟಕ್ಕೆ ಸುಲಭ. ಮಾಡಿದವರಿಗೇ ಅದರ ಬೇಸರ ಗೊತ್ತು. ಅವನು ಫೋನು ನೋಡುವಂತಿಲ್ಲ, ಚಿತ್ರ ತೆಗೆಯುವಂತಿಲ್ಲ, ಗೆಳೆಯನ ಪರದೆಯತ್ತ ಇಣುಕುವಂತಿಲ್ಲ. ಯಂತ್ರವನ್ನೂ ನೋಡಬೇಕು, ಯಂತ್ರದ ಸುತ್ತಲ ಆಕಾಶವನ್ನೂ ನೋಡಬೇಕು, ಮೈದಾನದ ಅಂಚನ್ನೂ ನೋಡಬೇಕು. ನಮ್ಮ ಕಡೆಯ ಬಯಲುಗಳಲ್ಲಿ ಈ ಮೂರನೆಯದೇ ಮುಖ್ಯ. ‘ಏನದು ಏನದು’ ಎಂದು ಓಡಿಬರುವ ಮಕ್ಕಳು, ಮೇಯುತ್ತ ಬರುವ ಹಸು, ಬೊಗಳುತ್ತ ಬೆನ್ನಟ್ಟುವ ನಾಯಿ, ಅಡ್ಡದಾರಿ ಹಿಡಿದ ಸೈಕಲ್ಲು, ಇವೆಲ್ಲ ಚಾಲಕನ ಬೆನ್ನ ಹಿಂದಿನಿಂದಲೇ ಬರುತ್ತವೆ. ಬೆಂಗಳೂರಿನ ಆಕಾಶದಲ್ಲಿ ಹದ್ದುಗಳಿಗೂ ಕೊರತೆಯಿಲ್ಲ. ತಮ್ಮ ಎಲ್ಲೆಯೊಳಗೆ ನುಗ್ಗಿದ ಗುಂಯ್‌ಗುಟ್ಟುವ ಪ್ರಾಣಿಯನ್ನು ಅವು ಎರಗಿ ಪರೀಕ್ಷಿಸದೆ ಬಿಡುವುದಿಲ್ಲ.

ಮಾತು ಚುಟುಕಾಗಿರಬೇಕು. ‘ಎಡಕ್ಕೆ ಹದ್ದು’, ‘ಹಿಂದೆ ಮಕ್ಕಳು’, ‘ಇಳಿಸು’. ‘ಇಳಿಸು’ ಎಂದಾಗ ಏಕೆ ಎಂದು ಕೇಳದೆ ಇಳಿಸುವುದೇ ಕ್ರಮ; ಚರ್ಚೆ ನೆಲಕ್ಕೆ ಬಂದ ಮೇಲೆ. ತಮ್ಮ ಅಣ್ಣನಿಗೆ ಆಜ್ಞೆ ಮಾಡುವ ಅಪರೂಪದ ಅವಕಾಶವಿದೆಂಬುದರಿಂದ, ಮನೆಯಲ್ಲಿ ಹೊರಗಣ್ಣಿನ ಕೆಲಸಕ್ಕೆ ಚಿಕ್ಕವರನ್ನು ಒಪ್ಪಿಸುವುದು ಕಷ್ಟವಾಗಲಾರದು.

ಕಣ್ಣಳತೆ ಎಂದರೆ ಎಷ್ಟು? ಇದಕ್ಕೆ ಅಂಕೆಯಿಲ್ಲ. ಅಂಗೈಯಗಲದ ಯಂತ್ರ ಕೆಲವು ನೂರು ಮೀಟರು ದಾಟಿದೊಡನೆ ಚುಕ್ಕೆಯಾಗುತ್ತದೆ. ಚುಕ್ಕೆಗೆ ತಲೆ ಯಾವುದು, ಬಾಲ ಯಾವುದು? ಅದು ಯಾವ ಕಡೆಗೆ ಮುಖಮಾಡಿದೆಯೆಂದು ಬರಿಗಣ್ಣಿಗೆ ತಿಳಿಯದಾದಾಗಲೇ ಕಣ್ಣಳತೆ ಮುಗಿಯಿತೆಂದು ತಿಳಿಯಬೇಕು. ದುರ್ಬೀನು ಹಿಡಿದು ಈ ಅಳತೆಯನ್ನು ಹಿಗ್ಗಿಸಬಾರದು. ದುರ್ಬೀನೂ ಇನ್ನೊಂದು ಕಣ್ಣುಪಟ್ಟಿಯೇ.

ಒಂದೇ ಬಯಲಿನಲ್ಲಿ ಇಬ್ಬರು ಮೂವರು ಹಾರಿಸುವಾಗ ಇನ್ನೊಂದು ಶಿಸ್ತು ಬೇಕು. ಈ ಕ್ಯಾಮರಾಗಳಲ್ಲಿ ಬಹಳಷ್ಟು 5.8 ಗಿಗಾಹರ್ಟ್ಸ್ ಪಟ್ಟಿಯ ಕೆಲವೇ ವಾಹಿನಿಗಳಲ್ಲಿ ಚಿತ್ರ ಕಳುಹಿಸುತ್ತವೆ. ಒಬ್ಬನ ಯಂತ್ರ ಗಾಳಿಯಲ್ಲಿರುವಾಗ ಮತ್ತೊಬ್ಬ ಅದೇ ವಾಹಿನಿಯಲ್ಲಿ ತನ್ನದಕ್ಕೆ ಬ್ಯಾಟರಿ ಸಿಕ್ಕಿಸಿದನೋ, ಮೊದಲನೆಯವನ ಕನ್ನಡಕದಲ್ಲಿ ಆಕಾಶ ಮಾಯವಾಗಿ ಎರಡನೆಯವನ ಕಾಲಬಳಿಯ ಹುಲ್ಲು ಕಾಣಿಸಿಕೊಳ್ಳುತ್ತದೆ. ಹಳೆಯ ಅನಲಾಗ್ ಪದ್ಧತಿಯಲ್ಲಿ ಇದು ದಿನನಿತ್ಯದ ಅನುಭವ. ಆದುದರಿಂದ ಬ್ಯಾಟರಿ ಮುಟ್ಟುವ ಮೊದಲು ‘ಹಚ್ಚಲೆ?’ ಎಂದು ಕೂಗಿ ಕೇಳಿ, ಎಲ್ಲರ ಒಪ್ಪಿಗೆ ಬಂದ ಮೇಲೆಯೇ ಮುಂದುವರಿಯತಕ್ಕದ್ದು.

ಇನ್ನು ಕಲಿಕೆ. ನಮ್ಮ ವೈಯಾಕರಣರು ‘ಅವನು, ಅದು’ ಎಂಬುದನ್ನು ಪ್ರಥಮಪುರುಷ ಎಂದು ಕರೆದಿದ್ದಾರೆ. ಈ ಕ್ರೀಡೆಯಲ್ಲಿಯೂ ಅದೇ ಪ್ರಥಮ ಪಾಠವಾಗಬೇಕು. ನೆಲದಿಂದ ಬರಿಗಣ್ಣಿನಲ್ಲಿ ನೋಡಿ ಹಾರಿಸಿ, ಇಳಿಸಿ, ಯಂತ್ರ ತನ್ನ ಕಡೆಗೆ ಮುಖಮಾಡಿ ಬರುವಾಗ ಎಡಬಲಗಳು ತಲೆಕೆಳಗಾಗುವುದನ್ನು ಅರಗಿಸಿಕೊಂಡ ಮೇಲೆ ಕನ್ನಡಕ. ಅದಕ್ಕೂ ಮುಂಚೆ ಕಂಪ್ಯೂಟರಿನ ಅಣಕು ಹಾರಾಟದಲ್ಲಿ ಹತ್ತಿಪ್ಪತ್ತು ಗಂಟೆ ಕಳೆದವನು ಬಹಳ ಪ್ರೊಪೆಲ್ಲರುಗಳ ಬೆಲೆ ಉಳಿಸುತ್ತಾನೆ.

ಹೋಗುವಾಗ ಒಂದು ಲೆಕ್ಕ, ಬರುವಾಗ ಒಂದು

ಕನ್ನಡಕದೊಳಗೆ ಗಾಳಿ ಕಾಣುವುದಿಲ್ಲ. ನಿಶ್ಚಲ ಗಾಳಿಯಲ್ಲಿ ಗಂಟೆಗೆ 50 ಕಿಲೋಮೀಟರು ಹೋಗುವ ಯಂತ್ರ, 20 ಕಿಲೋಮೀಟರು ವೇಗದ ಗಾಳಿಯೊಡನೆ ಹೊರಟರೆ 70ರ ವೇಗದಲ್ಲಿ ಓಡುತ್ತದೆ. ಒಂದು ಕಿಲೋಮೀಟರಿಗೆ 51 ಸೆಕೆಂಡು. ‘ಎಷ್ಟು ಚೆನ್ನಾಗಿ ಹೋಗುತ್ತಿದೆ’ ಎಂದು ಚಾಲಕನು ಹಿಗ್ಗುತ್ತಾನೆ. ಹಿಂದಿರುಗುವಾಗ ಅದೇ ಗಾಳಿ ಎದುರು; ವೇಗ 30ಕ್ಕೆ ಇಳಿಯುತ್ತದೆ; ಅದೇ ಕಿಲೋಮೀಟರಿಗೆ ಪೂರಾ ಎರಡು ನಿಮಿಷ. ಅರ್ಧ ಬ್ಯಾಟರಿ ಉಳಿದಾಗ ತಿರುಗಿದರಾಯಿತೆಂದುಕೊಂಡವನ ಯಂತ್ರ ಇನ್ನೊಬ್ಬರ ಹೊಲದಲ್ಲಿ ಇಳಿಯುತ್ತದೆ. ಮೊದಲು ಗಾಳಿಗೆ ಎದುರಾಗಿ ಹೋಗಿ, ಗಾಳಿಯೊಡನೆ ಮನೆಗೆ ಬರುವುದು ಅನುಭವಿಗಳ ರೂಢಿ.

ರೇಡಿಯೊ ಕಡಿದುಹೋದರೆ ಯಂತ್ರ ಏನು ಮಾಡಬೇಕೆಂಬುದನ್ನು ನೆಲದ ಮೇಲಿರುವಾಗಲೇ ನಿಶ್ಚಯಿಸಿರಬೇಕು. ಉಪಗ್ರಹದ ನೆರವಿರುವ ಯಂತ್ರ ಹೊರಟ ಜಾಗಕ್ಕೆ ತಾನೇ ಮರಳಬಲ್ಲುದು. ಪುಟ್ಟ ಸ್ಪರ್ಧಾಯಂತ್ರವಾದರೆ ಮೋಟಾರು ನಿಲ್ಲಿಸಿ ಬಿದ್ದುಬಿಡುವುದೇ ಮೇಲು. ದಿಕ್ಕೆಟ್ಟು ಓಡುವುದಕ್ಕಿಂತ ಖಾಲಿ ಬಯಲಿನಲ್ಲಿ ಬೀಳುವುದು ಲೇಸು. ಅದಕ್ಕಾಗಿಯೇ ಕೆಳಗೆ ಖಾಲಿ ಬಯಲಿರಬೇಕು. 30 ಮೀಟರು ಎತ್ತರದಿಂದ ಕಲ್ಲಿನಂತೆ ಬಿದ್ದ ವಸ್ತು, ಗಾಳಿಯ ತಡೆಯನ್ನು ಲೆಕ್ಕಿಸದಿದ್ದರೆ, ಗಂಟೆಗೆ ಸುಮಾರು 87 ಕಿಲೋಮೀಟರು ವೇಗದಲ್ಲಿ ನೆಲ ಮುಟ್ಟುತ್ತದೆ. ಜನರ ತಲೆಯ ಮೇಲೆ ಹಾರಿಸಕೂಡದೆಂಬ ನಿಯಮಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ಈ ಏರ್ಪಾಡು ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸುವ ವಿಧಾನ ಸರಳ: ಪ್ರೊಪೆಲ್ಲರುಗಳನ್ನು ಕಳಚಿ, ಮೋಟಾರು ಓಡಿಸಿ, ಕೈಯಲ್ಲಿರುವ ರೇಡಿಯೊವನ್ನು ಆರಿಸಿ ನೋಡುವುದು. ಕಳಚುವುದನ್ನು ಮರೆತು ಬೆರಳು ಕತ್ತರಿಸಿಕೊಂಡವರು ಉಂಟು. ಹಾರಾಟಕ್ಕೆ ಮುನ್ನ ಕೈಯ ರೇಡಿಯೊ ಮೊದಲು, ಯಂತ್ರದ ಬ್ಯಾಟರಿ ಆಮೇಲೆ. ಮುಗಿದಾಗ ಇದಕ್ಕೆ ವಿಲೋಮ.

ಹಸುರು, ಹಳದಿ, ಕೆಂಪು

ಭಾರತದಲ್ಲಿ ಈ ವಿಷಯದ ಮೂಲಗ್ರಂಥ 2021ರ ಆಗಸ್ಟ್ 25ರಂದು ಪ್ರಕಟವಾದ ಡ್ರೋನ್ ನಿಯಮಾವಳಿ. ಅದು ತೂಕಕ್ಕೆ ತಕ್ಕಂತೆ ವರ್ಣವಿಭಾಗ ಮಾಡಿತು: 250 ಗ್ರಾಮಿನವರೆಗೆ ನ್ಯಾನೊ, ಅಲ್ಲಿಂದ 2 ಕಿಲೋಗ್ರಾಮಿನವರೆಗೆ ಮೈಕ್ರೊ, 25ರವರೆಗೆ ಸಣ್ಣದು, ಆಮೇಲೆ ಮಧ್ಯಮ, 150ರ ಮೇಲೆ ದೊಡ್ಡದು. ಹವ್ಯಾಸಿಗಳ ಯಂತ್ರಗಳು ಬಹುತೇಕ ಮೊದಲೆರಡು ವರ್ಗದವು. ನ್ಯಾನೊ ಹಾರಿಸಲೂ, ವ್ಯಾಪಾರಕ್ಕಲ್ಲದೆ ಮೈಕ್ರೊ ಹಾರಿಸಲೂ ಚಾಲಕನ ಪ್ರಮಾಣಪತ್ರ ಬೇಕಿಲ್ಲವೆಂದು ನಿಯಮ ಹೇಳಿತು. ಪ್ರಮಾಣಪತ್ರ ಬೇಡವೆಂದರೆ ನಿಯಮವೇ ಬೇಡವೆಂದು ಅರ್ಥಮಾಡಿಕೊಳ್ಳುವವರು ಅನೇಕರು, ಹಾಗಲ್ಲ.

‘ಮಾದರಿ ವಿಮಾನ’ವೆಂಬುದಕ್ಕೆ ಈ ನಿಯಮಾವಳಿ ಕೊಟ್ಟ ವ್ಯಾಖ್ಯೆಯನ್ನು ಗಮನಿಸಬೇಕು. ತೂಕ 25 ಕಿಲೋಗ್ರಾಮಿನೊಳಗಿರಬೇಕು. ಶಿಕ್ಷಣ, ಸಂಶೋಧನೆ, ವಿನೋದ ಮೊದಲಾದುವಕ್ಕೆ ಬಳಸುವಂತಹುದಾಗಿರಬೇಕು. ಮತ್ತು ಕಣ್ಣಳತೆಯೊಳಗೆ ಹಾರಿಸತಕ್ಕದ್ದಾಗಿರಬೇಕು. ಕಣ್ಣು ಕಟ್ಟಿಕೊಂಡವನು ಈ ಕೊನೆಯ ಮಾತನ್ನು ತಾನೊಬ್ಬನೇ ನಡೆಸಿಕೊಡಲಾರನೆಂಬುದು ಸ್ಪಷ್ಟ. ಹೊರಗಣ್ಣಿನವನ ಅಗತ್ಯ ಇಲ್ಲಿಯೂ ಬಂದು ನಿಂತಿತು.

ಆಕಾಶವನ್ನು ಮೂರು ಬಣ್ಣಗಳಲ್ಲಿ ಹಂಚಿ ಸರಕಾರ ಒಂದು ನಕಾಶೆಯನ್ನು ‘ಡಿಜಿಟಲ್ ಸ್ಕೈ’ ತಾಣದಲ್ಲಿ 2021ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ಹಸುರಿನಲ್ಲಿ 400 ಅಡಿಯವರೆಗೆ ಅನುಮತಿಯಿಲ್ಲದೆ ಹಾರಿಸಬಹುದು. ಆದರೆ ವಿಮಾನ ನಿಲ್ದಾಣದ ಎಲ್ಲೆಯಿಂದ 8 ಮತ್ತು 12 ಕಿಲೋಮೀಟರುಗಳ ನಡುವೆ 200 ಅಡಿ ಮಾತ್ರ. 5ರಿಂದ 8 ಕಿಲೋಮೀಟರಿನ ನಡುವೆ ನೆಲದಿಂದಲೇ ಹಳದಿ. ಅಲ್ಲಿ ವಾಯುಸಂಚಾರ ನಿಯಂತ್ರಕರ ಅನುಮತಿ ಬೇಕು. ಕೆಂಪಿನಲ್ಲಿ ಕೇಂದ್ರ ಸರಕಾರದ ಅಪ್ಪಣೆಯಿಲ್ಲದೆ ಕಾಗದದ ರಾಕೆಟ್ಟಿಗಿಂತ ಹೆಚ್ಚಿನದನ್ನು ಎಸೆಯುವಂತಿಲ್ಲ. ನಿಯಮ ಮೀರಿದವರಿಗೆ 2021ರಲ್ಲಿ ಗೊತ್ತುಪಡಿಸಿದ ಗರಿಷ್ಠ ದಂಡ ಒಂದು ಲಕ್ಷ ರೂಪಾಯಿ.

ಬೆಂಗಳೂರಿನವರ ಕಷ್ಟ ಇಲ್ಲಿಯೇ. ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ನಿಲ್ದಾಣ, ಪೂರ್ವಕ್ಕೆ ಎಚ್.ಎ.ಎಲ್., ಉತ್ತರಕ್ಕೆ ಯಲಹಂಕದ ವಾಯುನೆಲೆ, ಅದರ ಸಮೀಪದಲ್ಲಿಯೇ ಜಕ್ಕೂರು. ಇವುಗಳ ಸುತ್ತ ಕಂಪಾಸಿನಿಂದ ವರ್ತುಲ ಎಳೆದು ನೋಡಿದರೆ ಇಂದಿರಾನಗರದ ಮಾಳಿಗೆಯಾಗಲಿ, ಹೆಬ್ಬಾಳದ ಆಟದ ಬಯಲಾಗಲಿ ಈ ಕ್ರೀಡೆಗೆ ತಕ್ಕುದಲ್ಲವೆಂದು ಥಟ್ಟನೆ ಗೊತ್ತಾಗುತ್ತದೆ. ಊರು ಬಿಟ್ಟು ಹೊರಗೆ ಹೋಗಬೇಕು. ಹೋದ ಮೇಲೂ ಅಂದಿನ ನಕಾಶೆಯನ್ನು ನೋಡಬೇಕು. ಬಣ್ಣಗಳು ಬದಲಾಗುತ್ತವೆ, ಯಲಹಂಕದ ವೈಮಾನಿಕ ಪ್ರದರ್ಶನದಂತಹ ಸಂದರ್ಭಗಳಲ್ಲಿ ತಾತ್ಕಾಲಿಕ ನಿಷೇಧಗಳೂ ಬರುತ್ತವೆ.

ತಾತ್ಕಾಲಿಕ ನಿಷೇಧವೆಂದರೆ ಅಧಿಕಾರಿಗಳ ಕಾಟವೆಂದು ಗೊಣಗುವವರು 2025ರ ಜನವರಿ 9ರ ಲಾಸ್ ಏಂಜಲೀಸನ್ನು ನೆನೆಯಬೇಕು. ಅಂದು ಪ್ಯಾಲಿಸೇಡ್ಸ್ ಪ್ರದೇಶ ಹೊತ್ತಿ ಉರಿಯುತ್ತಿತ್ತು. ಬೆಂಕಿಯಾರಿಸಲು ಕೆನಡದ ಕ್ವಿಬೆಕ್ ಪ್ರಾಂತದಿಂದ ಬಂದಿದ್ದ, ನೀರು ಮೊಗೆದು ಸುರಿಯುವ ವಿಮಾನವೊಂದರಲ್ಲಿ ಇಬ್ಬರಿದ್ದರು. ಸಾಂಟಾ ಮೋನಿಕದ ಕಾರು ನಿಲುಗಡೆಯ ಕಟ್ಟಡದ ಮೇಲಿನಿಂದ ಒಬ್ಬಾತ, ಬೆಂಕಿಯಿಂದಾದ ನಷ್ಟವನ್ನು ನೋಡುವ ಕುತೂಹಲಕ್ಕೆ, ನಿಷೇಧವಿದ್ದರೂ ಡ್ರೋನು ಹಾರಿಸಿದ. ಅದು 2,500 ಮೀಟರಿಗೂ ದೂರ ಹೋಗಿ ಅವನ ಕಣ್ಣಿಗೆ ಮರೆಯಾಯಿತು. ವಿಮಾನದ ರೆಕ್ಕೆಗೆ ಬಡಿದು 3 ಅಂಗುಲ ಅಗಲ, 6 ಅಂಗುಲ ಉದ್ದದ ತೂತು ಮಾಡಿತು. ವಿಮಾನದವರಿಗೆ ತಿಳಿದುದು ಇಳಿದ ಮೇಲೆ. ಊರು ಸುಡುತ್ತಿರುವಾಗ ನೀರು ಹೊರುವ ವಿಮಾನ ಕೆಲವು ದಿನ ಕೊಟ್ಟಿಗೆಯಲ್ಲಿ ನಿಂತಿತು. ಆತ ತಪ್ಪೊಪ್ಪಿಕೊಂಡು ಸುಮಾರು 65,000 ಡಾಲರ್ ತೆರಲು ಸಮ್ಮತಿಸಿದ.

ಮನೆಯೊಳಗೆ

2022ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ, ರಕ್ಷಣೆ ಸಂಶೋಧನೆ ಮೊದಲಾದ ಕೆಲವು ಉದ್ದೇಶಗಳ ಹೊರತು, ಸಿದ್ಧ ಡ್ರೋನುಗಳ ಆಮದನ್ನು ನಿಷೇಧಿಸಿತು, ಬಿಡಿಭಾಗಗಳಿಗೆ ತಡೆಯಿರಲಿಲ್ಲ. ಹೀಗಾಗಿ ನಮ್ಮ ಹುಡುಗರಲ್ಲಿ ಅನೇಕರು ತಾವೇ ಕಟ್ಟಿಕೊಳ್ಳುತ್ತಾರೆ. ಇದು ಒಳ್ಳೆಯ ವಿದ್ಯಾಭ್ಯಾಸವೇ. ಆದರೆ ಮನೆಗೆ ಬರುವ ಬಿಡಿಭಾಗಗಳಲ್ಲಿ ಒಂದನ್ನು ಗೃಹಿಣಿಯೂ ಗುರುತಿಟ್ಟುಕೊಂಡಿರಬೇಕು. ಅದು ಲಿಥಿಯಂ ಪಾಲಿಮರ್ ಬ್ಯಾಟರಿ. ಒಂದೊಂದು ಕೋಶಕ್ಕೆ 4.2 ವೋಲ್ಟ್ ಮೀರುವಂತೆ ವಿದ್ಯುತ್ತು ತುಂಬಕೂಡದು. ದಿನಗಟ್ಟಲೆ ಇಡುವುದಾದರೆ ಸುಮಾರು 3.8ರಲ್ಲಿ ಇಡಬೇಕು. ಹೋಳಿಗೆಯಂತೆ ಉಬ್ಬಿದ ಬ್ಯಾಟರಿ ಕೆಟ್ಟಿತೆಂದು ಲೆಕ್ಕ, ಅದನ್ನು ಮತ್ತೆ ತುಂಬಬಾರದು. ರಾತ್ರಿ ಮಲಗುವಾಗ ಚಾರ್ಜಿಗೆ ಹಾಕಿ ಬೆಳಗ್ಗೆ ತೆಗೆಯುವ ಫೋನಿನ ಅಭ್ಯಾಸ ಇಲ್ಲಿ ಸಲ್ಲದು; ತುಂಬುವಷ್ಟು ಹೊತ್ತೂ ಎಚ್ಚರದ ಕಣ್ಣೊಂದು ಹತ್ತಿರವಿರಬೇಕು; ಹಾಸಿಗೆ, ಪರದೆ, ಪುಸ್ತಕ ದೂರವಿರಬೇಕು. ವಿಮಾನದಲ್ಲಿ ಪ್ರಯಾಣ ಮಾಡುವಾಗ ಇವು ಕೈಚೀಲದಲ್ಲಿ ಹೋಗತಕ್ಕವು, ಸರಕಿನಲ್ಲಲ್ಲ.

ಯಂತ್ರದ ಮೇಲೆ ಒಡೆಯನ ಫೋನು ಸಂಖ್ಯೆಯ ಚೀಟಿ ಅಂಟಿಸಿರುವುದು ಜಾಣತನ. ಎಷ್ಟೇ ನುರಿತವನ ಯಂತ್ರವೂ ಒಂದು ದಿನ ಕಾಣೆಯಾಗುತ್ತದೆ. ಬಿದ್ದರೆ ಬೀಳಲಿ, ಇನ್ನೊಂದು ಕಟ್ಟೋಣವೆಂದು ಬಿಟ್ಟುಬರುವಂತಿಲ್ಲ. ಬಿದ್ದ ಪೆಟ್ಟಿಗೆ ತೂತಾದ ಬ್ಯಾಟರಿ ಬೇಸಗೆಯ ಒಣಹುಲ್ಲಿನ ನಡುವೆ ಕೆಂಡವಾಗಬಲ್ಲುದು. ಅದನ್ನು ಹುಡುಕಿ ತರಲೇಬೇಕು. ಇದಕ್ಕಾಗಿ ಯಂತ್ರಕ್ಕೆ ಪುಟ್ಟದೊಂದು ಪೀಪಿ ಕಟ್ಟಿರುತ್ತಾರೆ. ರೇಡಿಯೊದ ಗುಂಡಿ ಒತ್ತಿದರೆ ಅದು ಕೀಚಲು ದನಿಯಲ್ಲಿ ಕೂಗುತ್ತದೆ. ಹೊಲದ ಬೇಲಿ ದಾಟುವ ಮುಂಚೆ ಒಡೆಯನನ್ನು ಕೂಗಿ ಕೇಳಿ ಹೋಗಬೇಕು. ಜೋಳ ಆಳೆತ್ತರ ಬೆಳೆದಿದ್ದರೆ ಸಾಲುಗಳ ನಡುವೆ ನಡೆದು, ನಿಂತು, ಕಿವಿಗೊಟ್ಟು, ಮತ್ತೆ ನಡೆಯಬೇಕು.